ಉದ್ಯೋಗ ಪರವಾನಿಗೆಯ ಒಡೆತನ: ಬ್ರಿಟನ್ನಿನ ನಿದರ್ಶನ

ಉದ್ಯೋಗಾರ್ಥವಾಗಿ ಪರದೇಶಕ್ಕೆ ತೆರಳುವವನು ಎರಡು ಬಾಗಿಲುಗಳನ್ನು ದಾಟಬೇಕಾಗುತ್ತದೆ. ಸ್ವದೇಶವನ್ನು ಬಿಡಲು ಒಂದು ಅನುಮತಿ. ಪರದೇಶದಲ್ಲಿ ದುಡಿದು ನೆಲಸಲು ಇನ್ನೊಂದು. ಈ ಎರಡನೆಯ ಅನುಮತಿ ಯಾರ ಸ್ವತ್ತು, ದುಡಿಯುವವನದೋ ದುಡಿಸಿಕೊಳ್ಳುವವನದೋ? ಈ ಪ್ರಶ್ನೆಗೆ ಬ್ರಿಟನ್ನು ಕಾಲಕಾಲಕ್ಕೆ ಕೊಟ್ಟ ಉತ್ತರಗಳು ವಿಚಾರಾರ್ಹವಾಗಿವೆ.

1948ರ ಬ್ರಿಟಿಷ್ ರಾಷ್ಟ್ರೀಯತಾ ಶಾಸನದನ್ವಯ ಕಾಮನ್‌ವೆಲ್ತ್ ಪ್ರಜೆಗಳಿಗೆ ಬ್ರಿಟನ್ನನ್ನು ಪ್ರವೇಶಿಸುವ ಹಕ್ಕಿತ್ತು. ಭಾರತೀಯನು ಅಲ್ಲಿ ಉದ್ಯೋಗ ಅರಸಲು ಆ ದೇಶದ ಪರವಾನಿಗೆಯೇ ಬೇಕಿರಲಿಲ್ಲ. ಯುದ್ಧಾನಂತರ ಗಿರಣಿ, ಸಾರಿಗೆ, ಆಸ್ಪತ್ರೆಗಳಲ್ಲಿ ಕೆಲಸಗಾರರ ಕೊರತೆಯಿದ್ದುದರಿಂದ ಹೋದವರಿಗೆ ಕೆಲಸವೂ ದೊರೆಯುತ್ತಿತ್ತು. ಅಡ್ಡಿಯಿದ್ದುದು ಸ್ವದೇಶದ ಬಾಗಿಲಿನಲ್ಲಿ. ಪಾಸ್‌ಪೋರ್ಟನ್ನು ಕೊಡುವುದೂ ಬಿಡುವುದೂ ಅಧಿಕಾರಿಗಳ ವಿವೇಚನೆಗೆ ಸೇರಿದುದಾಗಿತ್ತು.

1962ರ ಜುಲೈ 1ರಂದು ಕಾಮನ್‌ವೆಲ್ತ್ ವಲಸೆಗಾರರ ಶಾಸನವು ಜಾರಿಗೆ ಬಂದಿತು. ಅಂದಿನಿಂದ ಉದ್ಯೋಗಾರ್ಥಿಗೆ ಅಲ್ಲಿನ ಕಾರ್ಮಿಕ ಸಚಿವಾಲಯದ ವೌಚರು ಅವಶ್ಯವಾಯಿತು. ವೌಚರುಗಳಲ್ಲಿ ಮೂರು ವರ್ಗಗಳು. 'ಎ' ವರ್ಗವು ನಿರ್ದಿಷ್ಟ ಉದ್ಯೋಗ ಗೊತ್ತಾಗಿದ್ದವರಿಗೆ. 'ಬಿ' ವರ್ಗವು ವೈದ್ಯ, ಶಿಕ್ಷಕ ಮೊದಲಾದ ಅರ್ಹತೆಯುಳ್ಳವರಿಗೆ. 'ಸಿ' ವರ್ಗವು ಉಳಿದವರಿಗೆ. ಉದ್ಯೋಗದಾತನ ಹಂಗು ಇದ್ದುದು ಮೊದಲನೆಯ ವರ್ಗಕ್ಕೆ ಮಾತ್ರವೆಂಬುದನ್ನು ಇಲ್ಲಿ ಗಮನಿಸಬೇಕು. 1965ರಲ್ಲಿ 'ಸಿ' ವರ್ಗ ರದ್ದಾಗಿ, ವೌಚರುಗಳ ವಾರ್ಷಿಕ ಮಿತಿ 8,500ಕ್ಕೆ ಇಳಿಯಿತು. ಅದರಲ್ಲಿಯೂ 1,000 ಮಾಲ್ಟಾ ದ್ವೀಪದವರಿಗೆ ಮೀಸಲು.

ಅತ್ತಲ ಬಾಗಿಲು ಕಿರಿದಾಗುತ್ತಿದ್ದಂತೆ ಇತ್ತಲ ಬಾಗಿಲು ತೆರೆಯಿತು. 1967ರ ಏಪ್ರಿಲಿನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪರದೇಶ ಪ್ರಯಾಣವು ಸಂವಿಧಾನದ 21ನೆಯ ವಿಧಿಯ ವ್ಯಕ್ತಿಸ್ವಾತಂತ್ರ್ಯದಲ್ಲಿ ಅಡಕವಾಗಿದೆಯೆಂದು ಬಹುಮತದಿಂದ ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಶಾಸನ ರಚಿತವಾಯಿತು. ಹೊರಡುವುದು ಹಕ್ಕಾದ ಕಾಲದಲ್ಲಿಯೇ ತಲಪುವುದು ಅನ್ಯರ ಕೃಪೆಯಾಯಿತು.

1971ರ ವಲಸೆ ಶಾಸನವು 1973ರ ಜನವರಿ 1ರಂದು ಜಾರಿಗೆ ಬಂದಾಗ ವೌಚರಿನ ಸ್ಥಾನವನ್ನು ಉದ್ಯೋಗ ಪರವಾನಿಗೆ ಆಕ್ರಮಿಸಿತು. ಅದನ್ನು ಬೇಡಬೇಕಾದವನು ಉದ್ಯೋಗದಾತನು. ಅದು ಸಲ್ಲುವುದು ಒಂದು ಗೊತ್ತಾದ ಕೆಲಸಕ್ಕೆ. ಹೆಸರಿಗೆ ಬರೆದ ಹುಂಡಿ ಅನ್ಯರ ಕೈಯಲ್ಲಿ ನಡೆಯದಿರುವಂತೆ, ಈ ಪರವಾನಿಗೆಯೂ ಬೇರೊಬ್ಬ ಒಡೆಯನಲ್ಲಿ ತಾನಾಗಿ ನಡೆಯುತ್ತಿರಲಿಲ್ಲ. ನಾಲ್ಕು ವರ್ಷ ಹೀಗೆ ದುಡಿದವನು ಕಾಯಂ ವಾಸಕ್ಕೆ ಅರ್ಜಿ ಸಲ್ಲಿಸಬಹುದಾಗಿತ್ತು. 2006ರಲ್ಲಿ ಆ ಅವಧಿ ಐದು ವರ್ಷಗಳಿಗೆ ಏರಿತು.

2002ರಲ್ಲಿ ಉನ್ನತ ಕುಶಲತೆಯುಳ್ಳವರ ಯೋಜನೆಯು ವಿದ್ಯೆ, ಅನುಭವ, ಸಂಪಾದನೆಗಳಿಗೆ ಅಂಕವಿತ್ತು ವ್ಯಕ್ತಿಗೇ ಅನುಮತಿ ಕೊಟ್ಟಿತು. ಹಳೆಯ 'ಬಿ' ವರ್ಗವೇ ಮರಳಿದಂತಾಯಿತು. ಆದರೆ ಅದರ ಉತ್ತರಾಧಿಕಾರಿಯಾದ ವರ್ಗವು 2011ರ ವೇಳೆಗೆ ಹೊಸಬರಿಗೆ ಮುಚ್ಚಿತು. 2020ರ ಡಿಸೆಂಬರಿನಲ್ಲಿ ಬಂದ ಕುಶಲ ಕಾರ್ಮಿಕ ವೀಸಾಕ್ಕೆ ಸರಕಾರದ ಅನುಜ್ಞೆ ಪಡೆದ ಉದ್ಯೋಗದಾತನ ಪ್ರಾಯೋಜನ ಪತ್ರವೇ ಮೂಲಾಧಾರ.

ಇದರ ಪರಿಣಾಮವು ಕಾಗದಪತ್ರಗಳಲ್ಲಿಯೇ ಮುಗಿಯುವುದಿಲ್ಲ. ಸಂಬಳ ಸಾಲದೆಂದೋ ದುಡಿಮೆ ಹೆಚ್ಚೆಂದೋ ಕೆಲಸ ಬಿಟ್ಟವನಿಗೆ ವಾಸದ ನೆಲೆಯೂ ಅಲುಗುತ್ತದೆ. ಮಕ್ಕಳ ಶಾಲೆ, ಬಾಡಿಗೆಯ ಮನೆ ಎಲ್ಲವೂ ಒಡೆಯನ ಸಹಿಗೆ ತೂಗುಬೀಳುತ್ತವೆ. ಧಾರವಾಡದಿಂದಲೋ ಉಡುಪಿಯಿಂದಲೋ ಮುಂಬಯಿಗೆ ಬಂದ ಕನ್ನಡಿಗನಿಗೆ ಸಂವಿಧಾನದ 19ನೆಯ ವಿಧಿಯು ಸಂಚಾರ, ವಾಸ, ವೃತ್ತಿಗಳ ಸ್ವಾತಂತ್ರ್ಯವನ್ನು ಕೊಟ್ಟಿದೆ. ಅವನ ಕಷ್ಟಗಳು ಅನೇಕವಿರಬಹುದು. ಆದರೆ ಒಡೆಯನನ್ನು ಬಿಟ್ಟರೆ ಅವನು ಊರನ್ನೂ ಬಿಡಬೇಕೆಂಬ ಕಾನೂನಿಲ್ಲ. ಈ ಸ್ವಾತಂತ್ರ್ಯದ ಬೆಲೆ ಪರದೇಶದ ಪರವಾನಿಗೆಯ ಇತಿಹಾಸವನ್ನು ಓದಿದಾಗ ಸ್ಪಷ್ಟವಾಗುತ್ತದೆ.