ಸರಕು ಸಾಗಣೆ ವಾಹನಗಳ ಪಂಕ್ಚರ್ ಆದ ಟೈರು: ದುರಸ್ತಿ ಅಥವಾ ಬದಲಾವಣೆ ಕುರಿತು ಮಾಹಿತಿ

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ ಹಾಗೂ ಅದರ ಸುತ್ತಲಿನ ಗ್ರಾಮಗಳು, ಹೊಸನಗರ ಮತ್ತು ಸಾಗರ ತಾಲ್ಲೂಕುಗಳಿಂದ ಅಡಿಕೆ, ಭತ್ತ, ಜಲ್ಲಿ, ಮರಮುಟ್ಟು ಮುಂತಾದ ಸರಕನ್ನು ಸಾಗಿಸುವ ಲಾರಿ ಮಾಲೀಕರು ಮತ್ತು ಚಾಲಕರ ಅನುಕೂಲಕ್ಕಾಗಿ ಹಾಗೂ ಅರ್ಹತಾ ಪತ್ರದ ನವೀಕರಣಕ್ಕೆ ಅರ್ಜಿ ಸಲ್ಲಿಸುವವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮಲೆನಾಡಿನಲ್ಲಿ ಟೈರಿನ ಪ್ರಶ್ನೆಯು ಬಯಲುಸೀಮೆಯ ಪ್ರಶ್ನೆಗಿಂತ ಭಿನ್ನವಾದುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಯು ಒಣಗುವುದೇ ಅಪರೂಪ. ಕರಾವಳಿಯತ್ತ ಇಳಿಯುವ ಲಾರಿಗಳು ಘಾಟಿಯನ್ನು ದಾಟಲೇಬೇಕು. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳ ಸಂಚಾರವನ್ನು ನಿರ್ಬಂಧಿಸಿದ ಸಂದರ್ಭಗಳಲ್ಲಿ ಹುಲಿಕಲ್ ಅಥವಾ ಬಾಳೆಬರೆ ಘಾಟಿಯ ತಿರುವುಗಳೇ ಅವುಗಳಿಗೆ ದಾರಿ. ಅರಳಸುರಳಿಯಲ್ಲಿ ಅವಸರದಿಂದ ಕೈಗೊಂಡ ಒಂದು ನಿರ್ಧಾರದ ಪರಿಣಾಮವು ಘಾಟಿಯ ನಡುವೆ ಪ್ರಕಟವಾಗಬಹುದು.

ಗಾಳಿ ಇಳಿದದ್ದು ತಿಳಿದ ಕೂಡಲೇ

ಹಿಂಬದಿಯ ಜೋಡಿ ಟೈರುಗಳಲ್ಲಿ ಒಂದು ಪಂಕ್ಚರ್ ಆದರೆ, ಇನ್ನೊಂದು ಇದೆಯೆಂಬ ಧೈರ್ಯದಿಂದ ಮುಂದಿನ ಊರಿನವರೆಗೆ ವಾಹನವನ್ನು ಚಲಾಯಿಸುವ ರೂಢಿಯಿದೆ. ಈ ರೂಢಿಯು ಅಪಾಯಕಾರಿ. 2018ರಲ್ಲಿ ಪರಿಷ್ಕರಿಸಲಾದ ಮಿತಿಯಂತೆ ನಾಲ್ಕು ಟೈರುಗಳುಳ್ಳ ಒಂಟಿ ಆಕ್ಸಲ್ ಮೇಲೆ 11.5 ಟನ್ ಭಾರಕ್ಕೆ ಅವಕಾಶವಿದೆ. ಅಂದರೆ ಪ್ರತಿ ಟೈರಿನ ಪಾಲು 2,875 ಕೆ.ಜಿ. ಒಂದು ಟೈರಿನ ಗಾಳಿ ಹೋದಾಗ ಅದರ ಜೋಡಿಯ ಮೇಲೆ ಸುಮಾರು 5,750 ಕೆ.ಜಿ. ಬೀಳುತ್ತದೆ. ಟೈರಿನ ಬದಿಯಲ್ಲಿ ಲೋಡ್ ಇಂಡೆಕ್ಸ್ 146 ಎಂದು ಮುದ್ರಿತವಾಗಿದ್ದರೆ ಅದರ ಗರಿಷ್ಠ ಸಾಮರ್ಥ್ಯವು 3,000 ಕೆ.ಜಿ. ಮಾತ್ರ. ಆದುದರಿಂದ ಸಮತಟ್ಟಾದ, ಸುರಕ್ಷಿತ ಸ್ಥಳದಲ್ಲಿ ವಾಹನವನ್ನು ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಎಚ್ಚರಿಕೆಯ ತ್ರಿಕೋನವನ್ನು ಇರಿಸಿ ಸ್ಟೆಪ್ನಿಯನ್ನು ಜೋಡಿಸತಕ್ಕದ್ದು. ನಂತರ ಪಂಕ್ಚರ್ ಆದ ಟೈರಿನೊಡನೆ ಅದರ ಜೋಡಿಯನ್ನೂ ತಪಾಸಣೆ ಮಾಡಿಸುವುದು ಅವಶ್ಯ.

ಗಾಳಿ ಇಲ್ಲದೆ ಓಡಿದ ಟೈರು ಹೊರಗಿನಿಂದ ಚೆನ್ನಾಗಿಯೇ ಕಾಣಬಹುದು. ಆದರೆ ಒಳಗೆ ಬದಿಗೋಡೆಯ ತಂತುಗಳು ಮಡಚಿಕೊಂಡು, ಬಿಸಿಯಾಗಿ, ಸಡಿಲಗೊಂಡಿರುತ್ತವೆ. ನಿಗದಿತ ಒತ್ತಡದ ಶೇ. 80ಕ್ಕಿಂತ ಕಡಿಮೆ ಗಾಳಿಯಲ್ಲಿ ಓಡಿದ ಟೈರನ್ನು ಗಾಳಿ ಇಲ್ಲದೆ ಓಡಿದ ಟೈರೆಂದೇ ಭಾವಿಸಿ ಪರೀಕ್ಷಿಸಬೇಕೆಂಬುದು ಟೈರು ಉದ್ಯಮದಲ್ಲಿ ಮಾನ್ಯವಾಗಿರುವ ನಿಯಮ. ಉಕ್ಕಿನ ತಂತುಗಳುಳ್ಳ ರೇಡಿಯಲ್ ಟೈರುಗಳಲ್ಲಿ ಇಂತಹ ಹಾನಿಯಾಗಿದ್ದರೆ, ಪಂಕ್ಚರ್ ತಿದ್ದಿ ಪುನಃ ಗಾಳಿ ತುಂಬುವಾಗ ಬದಿಗೋಡೆಯು ಜಿಪ್ ಬಿಚ್ಚಿದಂತೆ ಉದ್ದಕ್ಕೆ ಸೀಳಿ ಸಿಡಿಯುವ ಸಂಭವವಿದ್ದು, ಎದುರಿಗಿರುವವರ ಪ್ರಾಣಕ್ಕೆ ಅಪಾಯ ಒದಗುತ್ತದೆ. ಒಳಭಾಗದಲ್ಲಿ ರಬ್ಬರಿನ ಪುಡಿ, ಸುಕ್ಕು, ಬಣ್ಣಗೆಟ್ಟ ಪಟ್ಟಿ ಅಥವಾ ಮೆತ್ತಗಿನ ಜಾಗ ಕಂಡುಬಂದಲ್ಲಿ ರಂಧ್ರವು ಎಷ್ಟೇ ಚಿಕ್ಕದಿರಲಿ, ಟೈರನ್ನು ಬದಲಾಯಿಸತಕ್ಕದ್ದು. ಈ ಕಾರಣದಿಂದಲೇ ಟೈರನ್ನು ಡಿಸ್ಕಿನಿಂದ ಬಿಚ್ಚದೆ ಹೊರಗಿನಿಂದಲೇ ದುರಸ್ತಿ ಮಾಡಿಸುವುದು ಸೂಕ್ತವಲ್ಲ.

ದುರಸ್ತಿಗೆ ಯೋಗ್ಯವಾದ ರಂಧ್ರ

ಮೊಳೆ ಚುಚ್ಚಿದ ರಂಧ್ರವು ನೆಲಕ್ಕೆ ತಾಗುವ ಪಟ್ಟಿಯ ಮಧ್ಯಭಾಗದಲ್ಲಿದ್ದು, ಅದರ ವ್ಯಾಸವು 10 ಮಿ.ಮೀ. ಮೀರದಿದ್ದಲ್ಲಿ ಲಾರಿ ಟೈರನ್ನು ಸಾಮಾನ್ಯ ವಿಧಾನದಲ್ಲಿ ದುರಸ್ತಿಗೊಳಿಸಬಹುದು. ಇದಕ್ಕಿಂತ ದೊಡ್ಡದಾದ ಗಾಯಕ್ಕೆ ರೀಟ್ರೆಡಿಂಗ್ ಘಟಕಗಳಲ್ಲಿ ಶಾಖ ಮತ್ತು ಒತ್ತಡ ಕೊಟ್ಟು ಮಾಡುವ ವಲ್ಕನೈಸ್ ದುರಸ್ತಿಯೇ ಬೇಕು. ಭುಜದ ಭಾಗದಲ್ಲಿ ಅಥವಾ ಬದಿಗೋಡೆಯಲ್ಲಿ ಆದ ರಂಧ್ರವನ್ನು ಪಂಕ್ಚರ್ ಅಂಗಡಿಯಲ್ಲಿ ತಿದ್ದಿಸಬಾರದು. ಡಿಸ್ಕಿಗೆ ಕೂರುವ ಅಂಚಿನ ತಂತಿ ಬಾಗಿದ್ದರೆ ಅಥವಾ ಹೊರಬಂದಿದ್ದರೆ ಆ ಟೈರಿಗೆ ಯಾವ ದುರಸ್ತಿಯೂ ಇಲ್ಲ.

ಟ್ಯೂಬ್‌ಲೆಸ್ ಟೈರಿಗೆ ಹೊರಗಿನಿಂದ ತೂರಿಸುವ ರಬ್ಬರ್ ಬತ್ತಿಯು ತಾತ್ಕಾಲಿಕ ಕ್ರಮ ಮಾತ್ರ. ರಂಧ್ರವನ್ನು ತುಂಬಿ, ಒಳಮೈಗೆ ಪ್ಯಾಚ್ ಹಾಕಿದಾಗ ಮಾತ್ರ ದುರಸ್ತಿಯು ಪೂರ್ಣವಾಗುತ್ತದೆ.

ಟ್ಯೂಬ್ ಇರುವ ಟೈರುಗಳ ವಿಷಯದಲ್ಲಿ ಹೆಚ್ಚಿನ ಗಮನ ಅಗತ್ಯ. ಸಾಮಾನ್ಯವಾಗಿ ಟ್ಯೂಬಿಗೆ ಪ್ಯಾಚ್ ಹಾಕಿ, ಮೊಳೆಯನ್ನು ಕಿತ್ತು, ಹೊರ ಟೈರಿನ ರಂಧ್ರವನ್ನು ಹಾಗೆಯೇ ಬಿಡಲಾಗುತ್ತದೆ. ಗಾಳಿ ನಿಂತಿತು ಎಂಬ ಸಮಾಧಾನದಲ್ಲಿ ಈ ರಂಧ್ರವು ಮರೆತುಹೋಗುತ್ತದೆ. ಮಳೆಗಾಲದಲ್ಲಿ ಅದರ ಮೂಲಕ ನೀರು ಮತ್ತು ಕೆಸರು ಒಳಸೇರಿ, ರೇಡಿಯಲ್ ಟೈರಿನ ಉಕ್ಕಿನ ಪಟ್ಟಿಗಳಿಗೆ ತುಕ್ಕು ಹಿಡಿಯುತ್ತದೆ. ಕೆಲವು ತಿಂಗಳ ನಂತರ ಮೇಲಿನ ರಬ್ಬರ್ ಪದರವು ಕಳಚಿಬಂದಾಗ, ಆಷಾಢದಲ್ಲಿ ಆದ ಪಂಕ್ಚರೇ ಇದಕ್ಕೆ ಮೂಲವೆಂದು ಯಾರಿಗೂ ಹೊಳೆಯುವುದಿಲ್ಲ. ದೋಷವು ಟೈರು ಕಂಪನಿಯ ಮೇಲೆ ಬೀಳುತ್ತದೆ. ಆದ್ದರಿಂದ ಟ್ಯೂಬಿನ ಜೊತೆಗೆ ಹೊರ ಟೈರಿನ ರಂಧ್ರವನ್ನೂ ಮುಚ್ಚಿಸಿಕೊಳ್ಳಲು ಮಾಲೀಕರು ಕೇಳಿ ಪಡೆಯುವುದು. ಟ್ಯೂಬಿನ ಅಡಿಯ ಫ್ಲಾಪ್ ಸುಕ್ಕುಗಟ್ಟಿದ್ದರೆ ಅಥವಾ ಹರಿದಿದ್ದರೆ ಅದನ್ನು ಮರಳಿ ಬಳಸಬಾರದು.

ಗಾಳಿ ತುಂಬುವಾಗ ಲಾಕ್ ರಿಂಗ್ ಇರುವ ಡಿಸ್ಕನ್ನು ಕಬ್ಬಿಣದ ಪಂಜರದೊಳಗಿಟ್ಟು, ಉದ್ದ ಪೈಪಿನ ಸಹಾಯದಿಂದ, ಪಕ್ಕಕ್ಕೆ ನಿಂತು ಗಾಳಿ ಹಾಯಿಸತಕ್ಕದ್ದು. ಸರಿಯಾಗಿ ಕೂರದ ರಿಂಗು ಸಿಡಿದರೆ ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ. ರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವ ಕೆಲಸವನ್ನು ಗಾಳಿ ತುಂಬಿರುವಾಗ ಎಂದಿಗೂ ಮಾಡಬಾರದು.

ನಿಯಮಗಳು

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 94ರ ಪ್ರಕಾರ, ಸವೆತದಿಂದಾಗಲೀ ವಲ್ಕನೈಸ್ ಮಾಡದ ಸೀಳಿನಿಂದಾಗಲೀ ಒಳಗಿನ ತಂತು ಹೊರಕಾಣುವ ಟೈರು, ಒಂದೆಡೆ ಉಬ್ಬಿದ ಅಥವಾ ಆಕಾರಗೆಟ್ಟ ಟೈರು ಹಾಗೂ ವಲ್ಕನೈಸ್ ಅಲ್ಲದೆ ಹೊರಗಿನಿಂದ ಗೇಟರ್ ಅಥವಾ ಪ್ಯಾಚ್ ಹಾಕಿದ ಟೈರು ಸುಸ್ಥಿತಿಯಲ್ಲಿಲ್ಲವೆಂದು ಪರಿಗಣಿತವಾಗುತ್ತದೆ. ಪಟ್ಟಿಯ ಅಚ್ಚಿನ ಆಳವು ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ 0.8 ಮಿ.ಮೀ., ಲಾರಿಯೂ ಸೇರಿದಂತೆ ಇತರ ವಾಹನಗಳಿಗೆ 1.6 ಮಿ.ಮೀ.ಗಿಂತ ಕಡಿಮೆ ಇರಕೂಡದು. ಇದು ಕಾನೂನಿನ ಕನಿಷ್ಠ ಮಿತಿಯೇ ಹೊರತು ಹುಲಿಕಲ್ ಘಾಟಿಯ ಮಳೆಗೆ ಸಾಕಾಗುವ ಅಳತೆಯಲ್ಲ. ಅಚ್ಚುಗಳ ನಡುವಿನ ಸವೆತ ಸೂಚಕ ದಿಂಡು ಮೇಲ್ಮೈಗೆ ಸಮವಾಗಿದ್ದರೆ ಅಂತಹ ಟೈರಿನ ಪಂಕ್ಚರ್ ತಿದ್ದಿಸುವ ಪ್ರಶ್ನೆಯೇ ಉದ್ಭವಿಸುವುದಿಲ್ಲ.

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 190ರಂತೆ, ಅಪಾಯಕ್ಕೆ ಕಾರಣವಾಗಬಲ್ಲ ದೋಷವಿದೆಯೆಂದು ತಿಳಿದೂ, ಅಥವಾ ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ತಿಳಿಯಬಹುದಾಗಿದ್ದೂ, ವಾಹನವನ್ನು ಚಲಾಯಿಸುವುದು ಶಿಕ್ಷಾರ್ಹ. 2019ರ ತಿದ್ದುಪಡಿಯಲ್ಲಿ ಇದರ ದಂಡವನ್ನು 1,500 ರೂಪಾಯಿವರೆಗೆ ಹೆಚ್ಚಿಸಲಾಯಿತು. ದೋಷದಿಂದ ಅಪಘಾತವಾಗಿ ದೇಹಕ್ಕೆ ಅಥವಾ ಆಸ್ತಿಗೆ ಹಾನಿಯಾದಲ್ಲಿ ಮೂರು ತಿಂಗಳವರೆಗೆ ಕಾರಾವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ನಿಗದಿಪಡಿಸಲಾಯಿತು.

ಖರ್ಚಿನ ಲೆಕ್ಕ

ಟೈರು ಸುರಕ್ಷಿತವಾಗಿ ದುರಸ್ತಿಗೆ ಒಳಪಡುತ್ತದೆಯೆಂದು ಖಚಿತವಾದ ನಂತರವೇ ಲೆಕ್ಕಕ್ಕೆ ಅರ್ಥ. ಉದಾಹರಣೆಗಾಗಿ ಹೊಸ ಟೈರಿನ ಬೆಲೆ 22,000 ರೂಪಾಯಿ, ವಲ್ಕನೈಸ್ ದುರಸ್ತಿಗೆ 3,000 ರೂಪಾಯಿ ಎಂದು ಭಾವಿಸೋಣ. ಬಳಸಬಹುದಾದ ಅಚ್ಚಿನಲ್ಲಿ ಶೇ. 40 ಉಳಿದಿದ್ದರೆ ಟೈರಿನ ಉಳಿಕೆ ಮೌಲ್ಯ 8,800 ರೂಪಾಯಿ, ದುರಸ್ತಿಯು ಲಾಭದಾಯಕ. ಶೇ. 10 ಮಾತ್ರ ಉಳಿದಿದ್ದರೆ 2,200 ರೂಪಾಯಿಯ ವಸ್ತುವಿಗೆ 3,000 ರೂಪಾಯಿ ವ್ಯಯಿಸಿದಂತಾಗುತ್ತದೆ. ಆದರೆ ಟೈರಿನ ಒಡಲು ಗಟ್ಟಿಯಾಗಿದ್ದು ರೀಟ್ರೆಡಿಂಗ್‌ಗೆ ಯೋಗ್ಯವಾಗಿದ್ದರೆ ಲೆಕ್ಕವು ಬದಲಾಗುತ್ತದೆ. ದುರಸ್ತಿ ಮತ್ತು ರೀಟ್ರೆಡಿಂಗ್ ಎರಡನ್ನೂ ಒಮ್ಮೆಗೇ ಮಾಡಿಸಬಹುದು. ಹೊಸ ಟೈರುಗಳ ಮೇಲಿನ ಜಿಎಸ್‌ಟಿಯು 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲಿಗೆ ಶೇ. 18 ಆಗಿರುವುದನ್ನೂ ಗಮನಿಸಬಹುದು. ಪಂಕ್ಚರ್‌ಗೆ ವಿಮೆಯ ಹಣ ದೊರೆಯುವುದೆಂಬ ನಿರೀಕ್ಷೆ ಬೇಡ. ಅದೇ ವೇಳೆ ವಾಹನಕ್ಕೂ ಹಾನಿಯಾಗಿರದಿದ್ದರೆ ಟೈರಿನ ಹಾನಿಯನ್ನು ಪಾಲಿಸಿಗಳು ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ.

ಒಂದೇ ಟೈರನ್ನು ಹೊಸದಾಗಿ ಕೊಳ್ಳುವಾಗ ಅದರ ಜೋಡಿಯು ಸವೆದಿದ್ದರೆ ಮತ್ತೊಂದು ತೊಡಕು ಎದುರಾಗುತ್ತದೆ. 9.00-20 ಮತ್ತು ಅದಕ್ಕೂ ದೊಡ್ಡ ಅಳತೆಯ ಜೋಡಿ ಟೈರುಗಳ ವ್ಯಾಸದಲ್ಲಿ ಸುಮಾರು 12 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿರಬಾರದು, 8.25-20 ಮತ್ತು ಅದಕ್ಕಿಂತ ಚಿಕ್ಕ ಅಳತೆಗೆ ಈ ಮಿತಿ ಸುಮಾರು 6 ಮಿ.ಮೀ. ಮೀರಿದರೆ ಎತ್ತರದ ಟೈರೇ ಭಾರವನ್ನೆಲ್ಲ ಹೊತ್ತು ಬೇಗ ಕೆಡುತ್ತದೆ. ಆದ್ದರಿಂದ ಎರಡು ಹೊಸ ಟೈರುಗಳನ್ನು ಕೊಂಡು ಮುಂದಿನ ಆಕ್ಸಲ್‌ಗೆ ಹಾಕಿ, ಅಲ್ಲಿದ್ದ ಸುಸ್ಥಿತಿಯ ಟೈರುಗಳನ್ನು ಜೋಡಿಯಾಗಿ ಹಿಂದಕ್ಕೆ ಕೊಡುವುದು ಹಲವು ಸಂದರ್ಭಗಳಲ್ಲಿ ಮಿತವ್ಯಯದ ಕ್ರಮ. ಸ್ಟೇರಿಂಗ್ ಆಕ್ಸಲ್‌ಗೆ ರೀಟ್ರೆಡ್ ಟೈರನ್ನಾಗಲೀ ದೊಡ್ಡ ದುರಸ್ತಿಯಾದ ಟೈರನ್ನಾಗಲೀ ಹಾಕದಿರುವುದು ಕ್ಷೇಮ. ಒಂದೇ ಆಕ್ಸಲ್‌ನಲ್ಲಿ ನೈಲಾನ್ ಮತ್ತು ರೇಡಿಯಲ್ ಟೈರುಗಳನ್ನು ಬೆರೆಸಬಾರದು. ಹೊಸ ಟೈರಿನ ಮೇಲೆ ಐಎಸ್‌ಐ ಗುರುತನ್ನೂ, ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳನ್ನೂ ನೋಡಿ, ರಸೀದಿ ಪಡೆಯುವುದು.

ಅರ್ಜಿದಾರರ ಗಮನಕ್ಕೆ

ಪ್ರಕರಣ 56ರ ಅಡಿ ಅರ್ಹತಾ ಪತ್ರಕ್ಕೆ (ನಮೂನೆ 38) ವಾಹನವನ್ನು ಹಾಜರುಪಡಿಸುವ ಮುನ್ನ ಒಳಬದಿಯ ಟೈರುಗಳನ್ನು ತಪ್ಪದೆ ಪರಿಶೀಲಿಸತಕ್ಕದ್ದು. ಹೊರಬದಿಗೆ ಉತ್ತಮ ಟೈರುಗಳನ್ನು ಹಾಕಿ ಒಳಬದಿಗೆ ಸವೆದವುಗಳನ್ನು ಉಳಿಸುವುದರಿಂದ ಪ್ರಯೋಜನವಿಲ್ಲ. ತಪಾಸಣೆಯ ದಿನಕ್ಕಾಗಿ ಬೇರೆ ಲಾರಿಯ ಟೈರುಗಳನ್ನು ಎರವಲು ತಂದು ತೋರಿಸಿದರೆ ಪತ್ರ ದೊರೆತೀತು; ಮರುದಿನ ಹಳೆಯ ಟೈರುಗಳ ಮೇಲೆ ಲೋಡು ಹೊತ್ತು ಘಾಟಿ ಇಳಿಯುವವರು ಚಾಲಕ ಮತ್ತು ಕ್ಲೀನರ್. ಟೈರಿನ ದೋಷದಿಂದ ಅರ್ಜಿ ತಿರಸ್ಕೃತವಾದಲ್ಲಿ ಕಾರಣವನ್ನು ಬರವಣಿಗೆಯಲ್ಲಿ ಪಡೆದು, ದೋಷವನ್ನು ಸರಿಪಡಿಸಿ, ವಾಹನವನ್ನು ಪುನಃ ಹಾಜರುಪಡಿಸಬಹುದು.

ಬದಲಾಯಿಸಿದ ಹಳೆಯ ಟೈರನ್ನು ಸುಡಬಾರದು. ಮನೆಯ ಹಿತ್ತಲಲ್ಲಿ ಮಳೆನೀರು ನಿಲ್ಲುವಂತೆ ಇಡಲೂಬಾರದು, ಅದರಲ್ಲಿ ಡೆಂಗಿ ಹರಡುವ ಸೊಳ್ಳೆಗಳು ಮೊಟ್ಟೆಯಿಡುತ್ತವೆ. ಅದನ್ನು ಟೈರು ಮಾರಾಟಗಾರರಿಗೆ ಅಥವಾ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸುವುದು.