ಮಸ್ಕಿಯ ಬಂಡೆ ಮತ್ತು ಮದುವೆಯ ಬೇಲಿ

ಗಂಡಿನ ಅಂತಸ್ತು ನೋಡಿ ಹೆಣ್ಣು ಒಲಿಯುತ್ತಾಳೆ, ಇದು ಪ್ರಕೃತಿಯ ನಿಯಮ ಅಂತ ವಿಕಾಸವಾದಿ ಮನಶ್ಶಾಸ್ತ್ರದ ಪಂಡಿತರು ಹೇಳುತ್ತಾರೆ. ಅಮೆರಿಕದ ಡೇವಿಡ್ ಬಸ್ 37 ಸಮಾಜಗಳ ಜನರನ್ನು ಕೇಳಿ 1989ರಲ್ಲಿ ಹೀಗೇ ಬರೆದ. ಹೊಲ, ಮನೆ, ದುಡ್ಡು ಎಲ್ಲಾ ಗಂಡಿನ ಕೈಯಾಗ ಇದ್ದರೆ ಹೆಣ್ಣು ಮತ್ತೇನು ನೋಡಿಯಾಳು? ಅದೇ ಅಂಕಿಗಳನ್ನು 1999ರಲ್ಲಿ ಮತ್ತೆ ಜಾಲಾಡಿದ ಆಲಿಸ್ ಈಗ್ಲಿ ಮತ್ತು ವೆಂಡಿ ವುಡ್, ಹೆಣ್ಣು ಗಂಡಿನ ಸಮಾನತೆ ಹೆಚ್ಚಿದ್ದ ಕಡೆ ಈ ಒಲವು ಇಳಿಯುವುದನ್ನು ತೋರಿಸಿದರು. ಅಂದಮೇಲೆ ಪ್ರಕೃತಿಯ ಲೆಕ್ಕಕ್ಕೆ ಬರೆದದ್ದರಲ್ಲಿ ಚರಿತ್ರೆಯ ಪಾಲೂ ಇದೆ. ಅದನ್ನು ನಮ್ಮ ನೆಲದಾಗೇ ಓದೋಣ.

ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನ ಕಣ್ಣಿಗೆ ಬಿತ್ತು. 'ದೇವಾನಾಂಪ್ರಿಯ' ಅಂದರೆ ಅಶೋಕನೇ ಎಂದು ಮೊದಲು ಖಾತ್ರಿಯಾದದ್ದು ಇದರಿಂದ. ಶಾಲೆಯ ಪಾಠ ಇಲ್ಲಿಗೇ ಮುಗಿಯುತ್ತದೆ. ಬಂಡೆಯ ಮಾತು ಮುಗಿಯುವುದಿಲ್ಲ. ಧರ್ಮದಿಂದ ನಡೆದರೆ ಸಣ್ಣವನಿಗೂ ಗುರಿ ಎಟುಕುತ್ತದೆ, ಅದು ದೊಡ್ಡವರ ಸೊತ್ತೆಂದು ತಿಳಿಯಬೇಡಿ ಎನ್ನುತ್ತದೆ ಅದು. ಅರಸ ಮದುವೆಯ ಮಾತಾಡುತ್ತಿಲ್ಲ, ನಿಜ. ಆದರೆ ಅಂತಸ್ತೇ ಮನುಷ್ಯನ ಗಡಿಯಲ್ಲ ಎಂಬ ಮಾತು 2,200 ವರ್ಷಗಳ ಹಿಂದೆಯೇ ಇಲ್ಲಿ ಕಲ್ಲಿಗಿಳಿದಿತ್ತು.

ನಮ್ಮ ರಕ್ತವೂ ಸಾಕ್ಷಿ ನುಡಿಯುತ್ತದೆ. ಹೈದರಾಬಾದಿನ ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಕ್ ಮತ್ತು ಅವರ ಸಂಗಾತಿಗಳು 73 ಸಮುದಾಯಗಳ ವಂಶವಾಹಿಗಳನ್ನು ಶೋಧಿಸಿ 2013ರಲ್ಲಿ ಪ್ರಕಟಿಸಿದರು. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಈ ದೇಶದ ಜನ ಮೇಲು ಕೀಳೆನ್ನದೆ ಬೆರೆತರು. ಆಮೇಲೆ ಬೇಲಿ ಬಿತ್ತು. ಮಸ್ಕಿಯ ಬಂಡೆ ಕೊರೆದದ್ದು ಬೆರಕೆಯ ಕಾಲದಲ್ಲಿ! ಒಳಮದುವೆ ಪ್ರಕೃತಿಯ ಕಟ್ಟಳೆಯಾಗಿದ್ದರೆ ನಡುವೆ ಹುಟ್ಟಿದ್ದು ಹೇಗೆ? ಜಾತಿಯ ಜೀವಾಳವೇ ಒಳಮದುವೆ ಎಂದು 25ರ ಹರೆಯದ ಅಂಬೇಡ್ಕರ್ 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹೇಳಿದ್ದರು.

ಬೇಲಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಕೇರಿಯ ಹುಡುಗ ಊರೊಳಗಿನ ಹುಡುಗಿಯತ್ತ ಕಣ್ಣೆತ್ತಿದರೆ ಹೆಣ ಬೀಳುತ್ತಿತ್ತು. ಊರ ಧಣಿ ಕತ್ತಲಾದರೆ ಬೇಲಿ ಹಾರಬಹುದಿತ್ತು. ರಾಯಚೂರು ಸೀಮೆಯಲ್ಲಿ ದಲಿತರ ಹೆಣ್ಣುಮಕ್ಕಳಿಗೆ ದೇವರ ಹೆಸರಲ್ಲಿ ಮುತ್ತು ಕಟ್ಟಿದ್ದು ಇದೇ ಹಾರಾಟಕ್ಕೆ. 1982ರಲ್ಲಿ ಅದರ ವಿರುದ್ಧ ಕಾನೂನು ಬಂತು. ಆ ತಾಯಂದಿರು ಅಂತಸ್ತು ನೋಡಿ ಒಲಿದವರೇನು? ಅವರ ಮಕ್ಕಳಿಗೆ ಅಪ್ಪನ ಹೆಸರಿಲ್ಲ, ಹೊಲದಾಗ ಪಾಲಿಲ್ಲ. ಉಳ್ಳವನು ತನ್ನ ಸಂತಾನವನ್ನು ಸಾಕುತ್ತಾನೆ ಎಂಬ ಪಂಡಿತರ ಸೂತ್ರ ನಮ್ಮ ಕೇರಿಯ ಬಾಗಿಲಿಗೆ ಬಂದು ಮುರಿದುಬೀಳುತ್ತದೆ. ರಕ್ತ ತನ್ನದೇ ಆದರೂ ಜಾತಿ ಅವನನ್ನು ಅಪ್ಪನಾಗಲು ಬಿಡಲಿಲ್ಲ.

ಈ ಬೇಲಿಗೆ ಕೈಹಾಕಿದವರು ಕಲ್ಯಾಣದ ಶರಣರು. ಹನ್ನೆರಡನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು ಎನ್ನುತ್ತದೆ ಶರಣ ಪರಂಪರೆ. ಎರಡೂ ತಂದೆಯರಿಗೆ ಸಾವಿನ ಶಿಕ್ಷೆ. ಪ್ರಕೃತಿಯೇ ಬೇಲಿ ಹಾಕಿದ್ದರೆ ಅದನ್ನು ಕಾಯಲು ರಾಜದಂಡ ಯಾಕೆ ಬೇಕಿತ್ತು?

2011-12ರ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲೂ ಅಂತರ್ಜಾತಿ ಮದುವೆಗಳು ನೂರಕ್ಕೆ ಐದರ ಆಸುಪಾಸು. ಗೆಳೆಯರೆ, ಮೇಷ್ಟ್ರೇ, ನಿಮ್ಮ ಮಕ್ಕಳನ್ನು ಒಮ್ಮೆ ಮಸ್ಕಿ ಗುಡ್ಡಕ್ಕೆ ಕರೆತನ್ನಿ. ಅಶೋಕನ ಹೆಸರಷ್ಟೇ ತೋರಿಸಿ ಇಳಿಸಬೇಡಿ. ಸಣ್ಣವನ ಬಗ್ಗೆ ಬಂಡೆ ಆಡಿದ ಮಾತನ್ನೂ ಓದಿ ಹೇಳಿ. ಬೇಲಿ ಮನುಷ್ಯರು ಹಾಕಿದ್ದು. ಕೀಳುವವರೂ ಮನುಷ್ಯರೇ ಆಗಬೇಕು.