ಅಗಲಿದ ಜೋಡಿಗಳನ್ನು ಕೂಡಿಸುವ ಆಷಾಢದ ತೇರು

ಹಳೆಯ ಮೈಸೂರು ಸೀಮೆಯಲ್ಲಿ ಮದುವೆಯಾದ ಮೊದಲ ವರ್ಷದ ಆಷಾಢವೆಂದರೆ ಅಗಲಿಕೆಯ ತಿಂಗಳು. ಜ್ಯೇಷ್ಠದ ಅಮಾವಾಸ್ಯೆ ಹತ್ತಿರವಾಗುತ್ತಿದ್ದಂತೆ ಹೆಣ್ಣಿನ ಕಡೆಯವರು ಬಂದು ಮಗಳನ್ನು ತವರಿಗೆ ಕರೆದೊಯ್ಯುತ್ತಾರೆ. ಅತ್ತೆ-ಸೊಸೆ ಈ ತಿಂಗಳು ಒಂದೇ ಹೊಸಿಲು ದಾಟಬಾರದು, ಅಳಿಯ ಮಾವನ ಮನೆಯ ಕಡೆ ತಲೆ ಹಾಕಬಾರದು ಎಂಬುದು ಹಿರಿಯರ ಕಟ್ಟಳೆ. ಮದುವೆಯಾಗಿ ಎರಡು ಮೂರು ತಿಂಗಳೂ ಕಳೆಯದ ಜೋಡಿಗಳು ಗಂಡ ಒಂದು ಊರಿನಲ್ಲಿ, ಹೆಂಡತಿ ಇನ್ನೊಂದು ಊರಿನಲ್ಲಿ ಎಂಬಂತೆ ದಿನ ಎಣಿಸುತ್ತವೆ.

ಇಂಥ ಕಟ್ಟಳೆಯ ನಡುವೆಯೇ ಚಾಮರಾಜನಗರದಲ್ಲಿ ಒಂದು ದಿನ ಬಾಗಿಲು ತೆರೆಯುತ್ತದೆ. ಆಷಾಢದ ಹುಣ್ಣಿಮೆಯ ಆಸುಪಾಸಿನಲ್ಲಿ, ಪೂರ್ವಾಷಾಢ ನಕ್ಷತ್ರದ ದಿನ ಚಾಮರಾಜೇಶ್ವರನ ತೇರು. ಅಂದು ಹುಡುಗಿ ತವರಿನವರೊಂದಿಗೆ ಬರುತ್ತಾಳೆ, ಹುಡುಗ ತನ್ನ ಮನೆಯವರೊಂದಿಗೆ ಬರುತ್ತಾನೆ. ಗುಡಿಯ ಮುಂದೆ ಇಬ್ಬರೂ ಸೇರಿ ಬಾಳೆಹಣ್ಣಿಗೆ ಜವನ ಸಿಕ್ಕಿಸಿ ತೇರಿನ ಕಡೆಗೆ ಎಸೆಯುತ್ತಾರೆ. ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ, ನಂಜನಗೂಡು ಕಡೆಯಿಂದಷ್ಟೇ ಅಲ್ಲ, ಗಡಿಯಾಚೆ ತಮಿಳುನಾಡಿನ ತಾಳವಾಡಿ ಫಿರ್ಕಾದ ಕನ್ನಡ ಊರುಗಳಿಂದಲೂ ಜೋಡಿಗಳು ಬರುವುದುಂಟು. ಹಾಗಾಗಿಯೇ ಇದಕ್ಕೆ ನವದಂಪತಿಗಳ ಜಾತ್ರೆ ಎಂಬ ಹೆಸರು ಬಿದ್ದಿದೆ. ಕಟ್ಟುನಿಟ್ಟಿನ ಮನೆಗಳವರು ತೇರು ನೆಲೆ ಸೇರಿದ ಕೂಡಲೇ ಮಗಳನ್ನು ತವರಿನ ಬಸ್ಸು ಹತ್ತಿಸುತ್ತಾರೆ. ಉಳಿದವರು ಅಂದು ಸ್ವಲ್ಪ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಆಷಾಢದಲ್ಲಿ ನಡೆಯುವ ಏಕೈಕ ತೇರು ಇದೇ ಎಂದು ಊರಿನವರು ಹೆಮ್ಮೆಯಿಂದ ಹೇಳುವುದುಂಟು. ದೇಶದ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಪುರಿಯ ಜಗನ್ನಾಥನ ರಥಯಾತ್ರೆ ಆರಂಭವಾಗುವುದೇ ಆಷಾಢ ಶುದ್ಧ ಬಿದಿಗೆಯಂದು. ಆದರೆ ಶುಭಕಾರ್ಯಕ್ಕೆ ಕೈ ಹಾಕದ ತಿಂಗಳನ್ನೇ ಹೊಸ ಜೋಡಿಗಳ ಹಬ್ಬವನ್ನಾಗಿ ಮಾಡಿಕೊಂಡ ಊರು ಮೈಸೂರು ಸೀಮೆಯಲ್ಲಿ ಅಪರೂಪವೇ ಸರಿ.

ಗುಡಿ ತೀರಾ ಹಳೆಯದೇನಲ್ಲ. ಊರು ಮಾತ್ರ ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸರಾಜ 1117ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಇಲ್ಲಿದೆ. ಆಗ ಊರಿನ ಹೆಸರು ಅರಿಕುಠಾರ. ಇಲ್ಲಿಯ ಅರಸು ಮನೆತನವೊಂದರಲ್ಲಿ 1774ರಲ್ಲಿ ಹುಟ್ಟಿದ ಮಗು ಮುಂದೆ ಖಾಸಾ ಚಾಮರಾಜ ಒಡೆಯರ್ ಆಯಿತು. ಮೈಸೂರಿನ ಸಿಂಹಾಸನ ಬರಿದಾದಾಗ ಹೈದರಾಲಿ ಅರಸು ಮನೆತನಗಳ ಮಕ್ಕಳನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಸಿ, ಮುಂದೆ ಆಟಿಕೆ, ತಿಂಡಿ, ಆಯುಧಗಳನ್ನು ಹರಡಿಸಿದನೆಂದೂ, ಒಂದು ಮಗು ಹೋಗಿ ಕಠಾರಿಯನ್ನೂ ನಿಂಬೆಹಣ್ಣನ್ನೂ ಹಿಡಿದಾಗ ಇವನೇ ರಾಜ ಎಂದನೆಂದೂ ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ಹೇಳಿದ್ದಾನೆ. ಕತೆ ಎಷ್ಟು ನಿಜವೋ, ಆ ಮಗು ಹೆಸರಿಗೆ ಮಾತ್ರ ರಾಜನಾಗಿ ಬದುಕಿದ್ದಂತೂ ನಿಜ. ಆಡಳಿತ ಹೈದರನದು, ಆಮೇಲೆ ಟಿಪ್ಪುವಿನದು. ಚಾಮರಾಜ ಒಡೆಯರ್ 1796ರಲ್ಲಿ ತೀರಿಕೊಂಡಾಗ ಮಗ ಕೃಷ್ಣರಾಜನಿಗೆ ಎರಡು ವರ್ಷವೂ ತುಂಬಿರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಪಟ್ಟಕ್ಕೆ ಕೂರಿಸಿದ್ದು ಈ ಐದರ ಹುಡುಗನನ್ನೇ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ್ ಎಂದು ಪ್ರಸಿದ್ಧನಾದವನು. ತಂದೆ ಹುಟ್ಟಿದ ಊರು ಅರಿಕುಠಾರವೆಂದು ತಿಳಿದ ಮೇಲೆ ಅವನು 1818ರಲ್ಲಿ ಊರಿಗೆ ಚಾಮರಾಜನಗರವೆಂದು ಹೆಸರಿಟ್ಟ. 1826ರಲ್ಲಿ ಚಾಮರಾಜೇಶ್ವರನ ಗುಡಿಯನ್ನು ನಿಲ್ಲಿಸಿದ. ತಾಯಿ ಕೆಂಪನಂಜಮ್ಮಣ್ಣಿಯ ಹೆಸರಿನಲ್ಲಿ ಕೆಂಪನಂಜಾಂಬೆಯನ್ನು ಪಕ್ಕದಲ್ಲಿ ಪ್ರತಿಷ್ಠಾಪಿಸಿದ. ಕುಲದೇವತೆ ಚಾಮುಂಡೇಶ್ವರಿಗೂ ಅಲ್ಲೇ ಗುಡಿ. ಗುಡಿಗೆ ಸಮೀಪದಲ್ಲೇ, ತಂದೆ ಹುಟ್ಟಿದ ಜಾಗದಲ್ಲಿ, ಜನನ ಮಂಟಪ. ನೋಡಿದ ನೆನಪೂ ಇಲ್ಲದ ತಂದೆಯನ್ನು ಮಗ ದೇವರ ಹೆಸರಿನಲ್ಲಿ ಉಳಿಸಿಕೊಂಡ ಪರಿ ಇದು. ನವದಂಪತಿಗಳು ಹಣ್ಣು-ಜವನ ಎಸೆಯುವ ತೇರಿನ ದೇವರಿಗೆ ಹೆಸರು ಬಂದದ್ದೂ ಹೀಗೆ ಒಬ್ಬ ಅರಸ, ಅವನ ಹೆಂಡತಿ ಎಂಬ ಜೋಡಿಯಿಂದಲೇ ಎಂಬುದು ಜಾತ್ರೆಗೆ ಬಂದವರಲ್ಲಿ ಹೆಚ್ಚಿನವರ ಗಮನಕ್ಕೆ ಬಂದಿರಲಿಕ್ಕಿಲ್ಲ.

ಹಾಗಿದ್ದರೂ ಆಷಾಢದಲ್ಲೇ ಏಕೆ ತೇರು? ಮೈಸೂರು ಅರಮನೆಯ ಮಟ್ಟಿಗೆ ಆಷಾಢ ಎಂದೂ ಬಿಟ್ಟ ತಿಂಗಳಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಚಾಮುಂಡಿ ಬೆಟ್ಟದಲ್ಲಿ ವರ್ಷದ ಅತಿ ದೊಡ್ಡ ನೂಕುನುಗ್ಗಲು ಆಷಾಢ ಶುಕ್ರವಾರಗಳದ್ದು. ಅಮ್ಮನವರ ವರ್ಧಂತಿಯೂ ಆಷಾಢದಲ್ಲೇ. ಮುಮ್ಮಡಿ ಕೃಷ್ಣರಾಜ ಹುಟ್ಟಿದ್ದು 1794ರ ಜುಲೈ 14ರಂದು; ಪಂಚಾಂಗವನ್ನು ಹಿಂದಕ್ಕೆ ತಿರುವಿದರೆ ಅದೂ ಆಷಾಢವೇ. ಮದುವೆ, ಗೃಹಪ್ರವೇಶಗಳಿಗೆ ಆಗದ ತಿಂಗಳು ಪೂಜೆಗೆ ಆಗಬಾರದೆಂದೇನಿಲ್ಲ. ಜನ ಇವೆರಡನ್ನೂ ಬೆರೆಸಿ ಆಷಾಢವನ್ನು ಅಪಶಕುನದ ತಿಂಗಳೆಂದುಕೊಂಡರು.

ಶುಭಕಾರ್ಯ ನಿಲ್ಲುವುದಕ್ಕೆ ಶಾಸ್ತ್ರ ಕೊಡುವ ಕಾರಣ ಸುಲಭದ್ದು. ಆಷಾಢ ಶುದ್ಧ ಏಕಾದಶಿಗೆ ವಿಷ್ಣು ಯೋಗನಿದ್ರೆಗೆ ಹೋಗುತ್ತಾನೆ, ಚಾತುರ್ಮಾಸ್ಯ ಶುರುವಾಗುತ್ತದೆ. ಆದರೆ ಗಂಡಹೆಂಡಿರನ್ನು ಬೇರೆ ಮಾಡುವುದಕ್ಕೆ ಕೊಡುವ ಕಾರಣಗಳು ಹಲವು. ಆಷಾಢದಲ್ಲಿ ಗರ್ಭ ನಿಂತರೆ ಹೆರಿಗೆ ಚೈತ್ರದ ಸುಡುಬಿಸಿಲಿಗೆ ಬೀಳುತ್ತದೆ, ತಾಯಿಗೂ ಕೂಸಿಗೂ ಕಷ್ಟ ಎಂಬುದು ಹೆಚ್ಚು ಪ್ರಚಾರದಲ್ಲಿರುವ ವಿವರಣೆ. ತಿಂಗಳ ಲೆಕ್ಕವೇನೋ ಸರಿ. ಆದರೆ ಬಿಸಿಲಿನ ಭಯವೇ ಕಾರಣವಾಗಿದ್ದರೆ ಪ್ರತಿ ಆಷಾಢದಲ್ಲೂ ಹೆಂಡತಿಯನ್ನು ತವರಿಗೆ ಕಳಿಸಬೇಕಿತ್ತು. ಕಟ್ಟಳೆ ಇರುವುದು ಮೊದಲ ಆಷಾಢಕ್ಕೆ ಮಾತ್ರ. ಎರಡನೆಯ ವರ್ಷ ಯಾರೂ ಕೇಳುವುದಿಲ್ಲ. ಹೊಲದ ಕೆಲಸದ ದಿನಗಳಲ್ಲಿ ಹೊಸ ಗಂಡ ಮನೆ ಬಿಟ್ಟು ಕದಲದೆ ಕೂತಾನು ಎಂಬುದು ಇನ್ನೊಂದು ವಿವರಣೆ. ನಾಟಿಯ ಭರಾಟೆಯ ಮಲೆನಾಡಿಗೆ ಇದು ಒಪ್ಪಬಹುದು. ಚಾಮರಾಜನಗರ, ಗುಂಡ್ಲುಪೇಟೆಗಳದ್ದು ಬೇರೆಯೇ ಲೆಕ್ಕ. ಪಶ್ಚಿಮಘಟ್ಟದ ಮಳೆನೆರಳಿನ ಈ ಸೀಮೆಗೆ ಮುಂಗಾರು ತರುವುದು ಹೆಚ್ಚಾಗಿ ಗಾಳಿಯನ್ನು. ಇಲ್ಲಿನ ಒಳ್ಳೆಯ ಮಳೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲೊಮ್ಮೆ.

ಹೆಚ್ಚು ನಂಬುವಂತಹ ಕಾರಣ ಮನೆಯೊಳಗೇ ಇದೆ. ಕಂಡರಿಯದ ಮನೆಗೆ ಹೋದ ಹೆಣ್ಣುಮಗಳಿಗೆ ಮೊದಲ ವರ್ಷವೇ ಒಂದು ತಿಂಗಳು ತವರು ಸಿಗಬೇಕಿತ್ತು. ಅದನ್ನು ಸೊಸೆ ಬಾಯಿಬಿಟ್ಟು ಕೇಳುವಂತಿರಲಿಲ್ಲ, ಅತ್ತೆ ತಾನಾಗಿ ಕೊಡುವಂತಿರಲಿಲ್ಲ. ಶಾಸ್ತ್ರದ ಹೆಸರಿನಲ್ಲಿ ಬಂದರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಹೊಲಗೆಲಸ, ನೀರು, ಕಸಮುಸುರೆಗಳಿಂದ ಆ ಒಂದು ತಿಂಗಳು ಬಿಡುವು. ಗಂಡನ ಮನೆಯ ಸುಖದುಃಖವನ್ನು ತಾಯಿಯ ಕಿವಿಗೆ ಹಾಕಲು ಸಿಗುವ ಮೊದಲ ಅವಕಾಶವೂ ಅದೇ. ಹುಡುಗಿ ಅಲ್ಲಿ ಹೇಗಿದ್ದಾಳೆಂಬುದನ್ನು ತವರಿನವರು ಮುಖ ನೋಡಿ ತಿಳಿಯುತ್ತಿದ್ದರು.

ಗುಡಿ ಕಟ್ಟಿದ ಕಾಲದ ‘ನವದಂಪತಿ’ಗಳು ಇಂದಿನವರಂತಿರಲಿಲ್ಲ ಎಂಬುದನ್ನೂ ಮರೆಯಬಾರದು. ಮೈಸೂರು ಸಂಸ್ಥಾನ ಶಿಶುವಿವಾಹ ತಡೆಗೆ ಕಾನೂನು ತಂದದ್ದು 1894ರಲ್ಲಿ, ಅಂದರೆ ಗುಡಿ ಎದ್ದು 68 ವರ್ಷಗಳ ಮೇಲೆ. ಆ ಕಾನೂನು ತಡೆದದ್ದಾದರೂ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು, ಮತ್ತು 50 ದಾಟಿದ ಗಂಡಸರು 14ರೊಳಗಿನ ಹುಡುಗಿಯರನ್ನು ಮದುವೆಯಾಗುವುದನ್ನು. ಅಷ್ಟಕ್ಕೇ ಸಾಕಷ್ಟು ವಿರೋಧ ಬಂದಿತ್ತು. ಬಾಲ್ಯವಿವಾಹ ರೂಢಿಯಿದ್ದ ಮನೆಗಳಲ್ಲಿ ಹೆಣ್ಣು ದೊಡ್ಡವಳಾಗುವವರೆಗೆ ತವರಲ್ಲೇ ಇರುತ್ತಿದ್ದಳು. ಅಂಥ ಜೋಡಿಗೆ ಜಾತ್ರೆಯ ದಿನ ಒಬ್ಬರ ಮುಖ ಒಬ್ಬರು ಕದ್ದು ನೋಡುವುದೇ ದೊಡ್ಡ ಸಂಗತಿ.

ಹೆಂಡತಿಯಾದವಳ ನಡವಳಿಕೆಯ ಬಗ್ಗೆ ಕನ್ನಡದಲ್ಲಿ ಪ್ರಸಿದ್ಧ ಕಾವ್ಯವೊಂದನ್ನು ಬರೆದವಳು ಕೂಡ ಈ ಜಿಲ್ಲೆಯ ಹೆಣ್ಣುಮಗಳೇ. ‘ಹದಿಬದೆಯ ಧರ್ಮ’ದ ಸಂಚಿಯ ಹೊನ್ನಮ್ಮ ಯಳಂದೂರಿನವಳು. ಚಿಕ್ಕದೇವರಾಜ ಒಡೆಯರ್ ಮದುವೆಯಾದ ಯಳಂದೂರು ಅರಸು ಮನೆತನದ ದೇವಾಜಮ್ಮಣ್ಣಿಯ ಜೊತೆ ಅರಮನೆ ಸೇರಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗ ಮಾಡುತ್ತಿದ್ದಳೆಂದು ಹೇಳುತ್ತಾರೆ. ಪತಿವ್ರತೆಯ ಕರ್ತವ್ಯಗಳನ್ನು ಸಾಂಗತ್ಯದಲ್ಲಿ ಹೇಳಹೊರಟವಳು ನಡುವೆ ನಿಂತು, ಹೆಣ್ಣನ್ನು ಕೀಳೆಂದು ಹಳಿಯುವವರನ್ನು ಹೆತ್ತವಳು ಹೆಣ್ಣಲ್ಲವೇ ಎಂಬ ಅರ್ಥದ ಪ್ರಶ್ನೆ ಹಾಕಿದ್ದಾಳೆ. ಪುಸ್ತಕದ ಉಪದೇಶವನ್ನು ಜನ ಮರೆತಿರಬಹುದು, ಆ ಪ್ರಶ್ನೆಯನ್ನು ಮರೆತಿಲ್ಲ.

ಚಿಕ್ಕದೇವರಾಜನ ನಂಟು ಗುಂಡ್ಲುಪೇಟೆಗೂ ಉಂಟು. ಪಟ್ಟಕ್ಕೆ ಬರುವ ಮುನ್ನ ಅವನನ್ನು ಇರಿಸಿದ್ದು ಗುಂಡ್ಲುಪೇಟೆಯ ಪಕ್ಕದ ಹಂಗಳದಲ್ಲಿ. 1673ರಲ್ಲಿ ರಾಜನಾದ ಮೇಲೆ, ಆಗ ವಿಜಯಪುರ ಎನ್ನಿಸಿಕೊಂಡಿದ್ದ ಗುಂಡ್ಲುಪೇಟೆಯಲ್ಲಿ ತಂದೆಯ ನೆನಪಿಗೆ ಪರವಾಸುದೇವನ ಗುಡಿ ಕಟ್ಟಿಸಿದ. ಅಕ್ಕಪಕ್ಕದ ಎರಡು ಊರುಗಳಲ್ಲಿ, ಒಂದೂವರೆ ಶತಮಾನದ ಅಂತರದಲ್ಲಿ, ಒಂದೇ ವಂಶದ ಇಬ್ಬರು ಮಕ್ಕಳು ತಮ್ಮ ತಂದೆಯರಿಗಾಗಿ ಎರಡು ಗುಡಿ ಕಟ್ಟಿದರು. ಚಾಮರಾಜನಗರದ ಗುಡಿಗೆ ತೇರಿನ ದಿನ ಕಾಲಿಡಲು ಜಾಗವಿರುವುದಿಲ್ಲ. ಗುಂಡ್ಲುಪೇಟೆಯ ಗುಡಿಯನ್ನು ಊಟಿಗೆ ಹೋಗುವ ಪ್ರವಾಸಿಗಳು ತಿರುಗಿಯೂ ನೋಡುವುದಿಲ್ಲ.

ತೇರಿಗೂ ಕೆಟ್ಟ ಕಾಲ ಬಂದಿತ್ತು. 2017ರ ಫೆಬ್ರವರಿಯಲ್ಲಿ ಯಾರೋ ಹಚ್ಚಿದ ಬೆಂಕಿಗೆ ರಥ ಸಿಕ್ಕಿ, ಎಳೆಯಲು ಬಾರದಂತಾಯಿತು. ಹೊಸ ರಥದ ಕೆಲಸ ತಡವಾಯಿತು, ನಡುವೆ ಕೊರೊನಾ ಬಂತು. 2017ರಿಂದ 2021ರವರೆಗೆ ಐದು ಆಷಾಢಗಳು ತೇರಿಲ್ಲದೆ ಕಳೆದವು. ಆ ಐದು ವರ್ಷ ಮದುವೆಯಾದವರು ಮೊದಲ ಆಷಾಢದ ತೇರನ್ನು ಕಾಣಲೇ ಇಲ್ಲ. ಮುಂದೆ ಎಷ್ಟು ಸಲ ಬಂದರೂ ಅವರಿಗೆ ಆ ಮೊದಲ ವರ್ಷ ಸಿಗುವುದಿಲ್ಲ. 2022ರ ಜುಲೈ 13ರಂದು ಹೊಸ ರಥ ಬೀದಿಗಿಳಿದಾಗ ಮದುವೆಯಾಗಿ ಮೂರು ನಾಲ್ಕು ವರ್ಷವಾದವರೂ ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದರೆ ಆಶ್ಚರ್ಯವೇನಿಲ್ಲ. ಮುಖ್ಯಮಂತ್ರಿ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂಬ ಮೂಢನಂಬಿಕೆಯಿಂದ ವರ್ಷಗಟ್ಟಲೆ ಕೆಟ್ಟ ಹೆಸರು ಹೊತ್ತ ಊರಿದು. ಸಿದ್ದರಾಮಯ್ಯ ತಮ್ಮ ಮೊದಲ ಅವಧಿಯಲ್ಲೇ ಹಲವು ಸಲ ಬಂದುಹೋಗಿ ಆ ಮಾತನ್ನು ಸುಳ್ಳಾಗಿಸಿದರು. ಹೊಸ ಜೋಡಿಗಳು ಮಾತ್ರ ಊರನ್ನು ಎಂದೂ ಅಪಶಕುನವೆಂದು ಕಂಡಿರಲಿಲ್ಲ.

ಆಷಾಢ ಕಳೆಯುವುದು ಭೀಮನ ಅಮಾವಾಸ್ಯೆಯೊಂದಿಗೆ. ಅಂದು ಹೆಂಡತಿ ಗಂಡನ ಆಯಸ್ಸಿಗಾಗಿ ವ್ರತ ಹಿಡಿಯುತ್ತಾಳೆ, ಅಣ್ಣತಮ್ಮಂದಿರು ಹೊಸಿಲ ಮೇಲೆ ಭಂಡಾರ ಒಡೆಯುತ್ತಾರೆ. ಅಲ್ಲಿಂದಾಚೆಗೆ ಹೊಸ ಜೋಡಿಗೆ ಓಡಾಟವೋ ಓಡಾಟ. ಶ್ರಾವಣದ ಮಂಗಳವಾರಗಳಲ್ಲಿ ಮಂಗಳಗೌರಿ, ಭಾದ್ರಪದದಲ್ಲಿ ಗೌರಿಯ ಬಾಗಿನ ಹೊತ್ತು ಬರುವ ತವರಿನವರು, ನವರಾತ್ರಿಗೆ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳನ್ನು ಮೊದಲ ಸಲ ಕೂರಿಸುವ ಸಂಭ್ರಮ. ದೀಪಾವಳಿಯಲ್ಲಿ ಅಳಿಯನ ಸರದಿ: ಮಾವನ ಮನೆಯಲ್ಲಿ ಎಣ್ಣೆಸ್ನಾನ, ಹೊಸ ಬಟ್ಟೆ. ಇದರ ಖರ್ಚೆಲ್ಲ ಹೆಣ್ಣು ಹೆತ್ತವರ ತಲೆಯ ಮೇಲೆ ಬೀಳುತ್ತಿತ್ತು, ಸಾಲ ಮಾಡಿ ಅಳಿಯನನ್ನು ಕರೆದವರ ಸಂಕಟವೂ ಹಳ್ಳಿಗಳಲ್ಲಿ ಕಡಿಮೆಯದಲ್ಲ.

ಈ ಶರತ್ಕಾಲದ ಸುತ್ತಾಟದಲ್ಲಿ ಗುಂಡ್ಲುಪೇಟೆಯವರಿಗೆ ತಪ್ಪದ ಜಾಗ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಚಿಕ್ಕದೇವರಾಜನನ್ನು ಇರಿಸಿದ್ದ ಅದೇ ಹಂಗಳದಲ್ಲಿ ಊಟಿ ರಸ್ತೆ ಬಿಟ್ಟು ತಿರುಗಬೇಕು. 1,454 ಮೀಟರ್ ಎತ್ತರದ ಬೆಟ್ಟದಲ್ಲಿ ಮಂಜು ಮುಸುಕಿದ ಗುಡಿ. 1315ರ ಸುಮಾರಿಗೆ ಹೊಯ್ಸಳ ಬಲ್ಲಾಳನ ಕಾಲದಲ್ಲಿ ಕಟ್ಟಿದ್ದೆಂದು ಹೇಳುತ್ತಾರೆ. ಕೊಳಲೂದುವ ಗೋಪಾಲನ ಮುಂದೆ ಮಕ್ಕಳ ಭಾಗ್ಯ ಬೇಡುವುದು ವಾಡಿಕೆ. 1931ರಲ್ಲಿ ಮೈಸೂರು ಮಹಾರಾಜರು ಇಲ್ಲಿನ ಕಾಡನ್ನು ರಕ್ಷಿಸಿದಾಗ ಇಟ್ಟ ಹೆಸರೂ ವೇಣುಗೋಪಾಲ ವನ್ಯಜೀವಿ ಉದ್ಯಾನ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಈಗ ಖಾಸಗಿ ವಾಹನಗಳನ್ನು ಮೇಲಕ್ಕೆ ಬಿಡುವುದಿಲ್ಲ. ಬುಡದಲ್ಲಿ ಸಾರಿಗೆ ಸಂಸ್ಥೆಯ ಬಸ್ಸಿಗೆ ಕಾಯಬೇಕು. ಕಾಯುವ ಜೋಡಿಗಳಲ್ಲಿ ಕೈಗೆ ಹಸಿರು ಬಳೆ ತೊಟ್ಟವರು ಬೇಗ ಗುರುತಿಗೆ ಸಿಗುತ್ತಾರೆ. ದಾರಿಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದು ಈಚಿನ ರೂಢಿ. ಹೂವು ತುಳಿದರೆ ಹೊಲದವರು ಗದರುತ್ತಾರೆ.

ಜಿಲ್ಲೆಯ ಇನ್ನೊಂದು ತುದಿಯ ಬಿಳಿಗಿರಿರಂಗನ ಬೆಟ್ಟದಲ್ಲಿ ದೇವರೇ ಅಳಿಯ. ರಂಗನಾಥ ತಮ್ಮ ಕುಲದ ಹುಡುಗಿ ಕುಸುಮಾಲೆಯನ್ನು ಒಲಿಸಿಕೊಂಡು ಮದುವೆಯಾದನೆಂದು ಸೋಲಿಗರು ಹಾಡಿಕೊಂಡು ಬಂದಿದ್ದಾರೆ. ಹಾಗಾಗಿ ಅವರಿಗೆ ಅವನು ರಂಗ ಭಾವ. ಗುಡಿಯಲ್ಲಿ ಉಳಿದವರು ಕೈಮುಗಿದು ನಿಂತಿದ್ದರೆ ಅವರು ಸಲಿಗೆಯಿಂದ ಮಾತಾಡಿಸುತ್ತಾರೆ, ಬೈಯಬೇಕೆನಿಸಿದರೆ ಬೈಯುತ್ತಾರೆ.